ಗಿರಣಿ ಮತ್ತು ಹಗೇವು: ಚಾರ್ಲ್ಸ್ ಬ್ಯಾಬೇಜನ ಬಾಳು

ಗಣಕಯಂತ್ರದ ಪಿತಾಮಹನೆಂದು ಚಾರ್ಲ್ಸ್ ಬ್ಯಾಬೇಜನ ಹೆಸರನ್ನು ಶಾಲೆಯ ದಿನಗಳಿಂದಲೂ ನಾವು ಕೇಳುತ್ತ ಬಂದಿದ್ದೇವೆ. ಸಾಮಾನ್ಯಜ್ಞಾನದ ಒಂದು ಅಂಕದ ಪ್ರಶ್ನೆಗೆ ಉತ್ತರವಾಗಿ ಆ ಹೆಸರು ನಮ್ಮ ನೆನಪಿನಲ್ಲಿ ನಿಂತಿದೆ. ಆದರೆ ಆತ ಕಟ್ಟಹೊರಟ ದೊಡ್ಡ ಯಂತ್ರಗಳಲ್ಲಿ ಒಂದಾದರೂ ಅವನ ಕಣ್ಣೆದುರಿಗೆ ಪೂರ್ಣಗೊಳ್ಳಲಿಲ್ಲ ಎಂಬ ಸಂಗತಿ ಅಷ್ಟಾಗಿ ಪ್ರಚಾರದಲ್ಲಿಲ್ಲ. ಒಂದು ಯಂತ್ರವನ್ನೂ ಮುಗಿಸದವನು ಯಂತ್ರಯುಗವೊಂದರ ಪಿತಾಮಹನಾದುದು ಹೇಗೆ? ಈ ಪ್ರಶ್ನೆಗೆ ಉತ್ತರ ಅವನ ಒಂದು ವಿವೇಕದಲ್ಲಿದೆ. ಕೆಲಸ ಮಾಡುವ ಉಪಕರಣ ಬೇರೆ, ಆ ಕೆಲಸಕ್ಕೆ ಒಳಗಾಗುವ ಸಾಮಗ್ರಿ ಬೇರೆ. ಇವೆರಡನ್ನೂ ಒಂದರಲ್ಲೊಂದು ಬೆರೆಸದೆ ಪ್ರತ್ಯೇಕವಾಗಿ ಇರಿಸಬೇಕು ಎಂಬುದೇ ಆ ವಿವೇಕ. ಇಂದು ನಮ್ಮ ಮೇಜಿನ ಮೇಲಿರುವ ಗಣಕದಲ್ಲಿ ಕಾರ್ಯಾಚರಣ ವ್ಯವಸ್ಥೆಯನ್ನೂ ತಂತ್ರಾಂಶಗಳನ್ನೂ ಒಂದು ಕಡೆ, ನಾವು ಬರೆದುದನ್ನು ಇನ್ನೊಂದು ಕಡೆ ಇರಿಸಬೇಕೆಂದು ಬಲ್ಲವರು ಹೇಳುವಾಗ, ಅದರ ಹಿಂದೆ ಇರುವುದು ಇದೇ ವಿವೇಕ. ಬ್ಯಾಬೇಜನ ಬಾಳು ಅದಕ್ಕೆ ಬರೆದ ದೀರ್ಘವಾದ ಭಾಷ್ಯದಂತಿದೆ.

ಬ್ಯಾಬೇಜ್ ಹುಟ್ಟಿದ್ದು 1791ರ ಡಿಸೆಂಬರ್ 26ರಂದು, ಲಂಡನ್ನಿನಲ್ಲಿ. ತಂದೆ ಬೆಂಜಮಿನ್ ಬ್ಯಾಬೇಜ್ ಲೇವಾದೇವಿ ನಡೆಸುತ್ತಿದ್ದ ಸಿರಿವಂತ. ಬಾಲ್ಯದಲ್ಲಿ ಕಠಿಣವಾದ ಜ್ವರಕ್ಕೆ ತುತ್ತಾದ ಮಗನನ್ನು ತಂದೆ ಹಳ್ಳಿಗಾಡಿನ ಶಾಲೆಗೆ ಕಳುಹಿಸಿದ. ಹುಡುಗನಿಗೆ ಗಣಿತದ ಹುಚ್ಚು. ಬೀಜಗಣಿತವನ್ನು ಬಹುಮಟ್ಟಿಗೆ ತಾನೇ ಓದಿ ಕಲಿತುಕೊಂಡ. 1810ರಲ್ಲಿ ಕೇಂಬ್ರಿಜ್ ವಿಶ್ವವಿದ್ಯಾಲಯದ ಟ್ರಿನಿಟಿ ಕಾಲೇಜನ್ನು ಸೇರಿದಾಗ, ಅಲ್ಲಿ ಕಲಿಸುತ್ತಿದ್ದ ಗಣಿತ ಯುರೋಪಿನ ಉಳಿದ ನಾಡುಗಳಿಗಿಂತ ಬಹಳ ಹಿಂದುಳಿದಿದೆಯೆಂದು ಅವನಿಗೆ ಮನವರಿಕೆಯಾಯಿತು.

ಕೇಂಬ್ರಿಜಿನವರು ಕಲನಶಾಸ್ತ್ರದಲ್ಲಿ ನ್ಯೂಟನ್ ಬಳಸಿದ ಚುಕ್ಕೆಗಳ ಸಂಕೇತಕ್ಕೇ ಅಂಟಿಕೊಂಡಿದ್ದರು. ಜರ್ಮನಿಯ ಲೈಬ್ನಿಟ್ಸ್ ರೂಪಿಸಿದ ಸಂಕೇತ ಹೆಚ್ಚು ಅನುಕೂಲವಾಗಿದ್ದರೂ, ಅದು ಪರದೇಶದ್ದೆಂಬ ಕಾರಣಕ್ಕೆ ಒಳಗೆ ಬಿಟ್ಟುಕೊಂಡಿರಲಿಲ್ಲ. ಬ್ಯಾಬೇಜ್, ಜಾನ್ ಹರ್ಷೆಲ್, ಜಾರ್ಜ್ ಪೀಕಾಕ್ ಮೊದಲಾದ ವಿದ್ಯಾರ್ಥಿಗಳು 1812ರಲ್ಲಿ ಒಂದು ಸಂಘ ಕಟ್ಟಿ, ಹೊಸ ಸಂಕೇತದ ಪರವಾಗಿ ವಾದಿಸತೊಡಗಿದರು. ಗಣಿತದ ಅರ್ಥವೇ ಬೇರೆ, ಅದನ್ನು ಹೊತ್ತು ತರುವ ಬರವಣಿಗೆಯೇ ಬೇರೆ. ಬರವಣಿಗೆ ಬದಲಾದರೆ ಅರ್ಥಕ್ಕೆ ಹಾನಿಯಿಲ್ಲ, ಬದಲಾಗಿ ಅದರ ದಾರಿ ಸುಗಮವಾಗುತ್ತದೆ ಎಂಬುದು ಅವರ ನಿಲುವು. ಮುಂದೆ ಬ್ಯಾಬೇಜನ ಯಂತ್ರಗಳಲ್ಲಿ ಕಾಣಿಸಿಕೊಳ್ಳುವ ಬುದ್ಧಿಯ ಬೀಜ ಈ ವಿದ್ಯಾರ್ಥಿ ಸಂಘದಲ್ಲಿಯೇ ಇತ್ತು.

1814ರಲ್ಲಿ ಅವನು ಪದವಿ ಪಡೆದ. ಅದೇ ವರ್ಷ ಜಾರ್ಜಿಯಾನಾ ವಿಟ್ಮೋರಳನ್ನು ಮದುವೆಯಾಗಿ ಲಂಡನ್ನಿನಲ್ಲಿ ಮನೆ ಹೂಡಿದ. 1816ರಲ್ಲಿ ರಾಯಲ್ ಸೊಸೈಟಿಯ ಸದಸ್ಯತ್ವ ದೊರೆಯಿತು. ಆ ಕಾಲದಲ್ಲಿ ಹಡಗಿನ ನಾವಿಕರು, ಖಗೋಳಶಾಸ್ತ್ರಜ್ಞರು, ವಿಮೆಯವರು, ಎಂಜಿನಿಯರರು ಎಲ್ಲರೂ ಅಚ್ಚಾದ ಗಣಿತಕೋಷ್ಟಕಗಳನ್ನೇ ನೆಚ್ಚಿದ್ದರು. ಈ ಕೋಷ್ಟಕಗಳಲ್ಲಿ ತಪ್ಪುಗಳು ಹೇರಳವಾಗಿದ್ದವು. 1821ರಲ್ಲಿ ಬ್ಯಾಬೇಜ್ ಮತ್ತು ಹರ್ಷೆಲ್ ಖಗೋಳದ ಲೆಕ್ಕಗಳ ಎರಡು ಪ್ರತಿಗಳನ್ನು ಎದುರುಬದುರಿಟ್ಟು ತಾಳೆ ನೋಡುವಾಗ, ತಪ್ಪಿನ ಮೇಲೆ ತಪ್ಪು ಕಾಣಿಸಿತು. ಬೇಸತ್ತ ಬ್ಯಾಬೇಜನಿಗೆ ಈ ಲೆಕ್ಕಗಳನ್ನು ಉಗಿಬಲದಿಂದ ಮಾಡಿಸುವಂತಿದ್ದರೆ ಎಷ್ಟು ಚೆನ್ನ ಎಂಬ ಯೋಚನೆ ಹುಟ್ಟಿತು. ಅಲ್ಲಿಂದ ಮುಂದಿನ ಐವತ್ತು ವರ್ಷ ಆ ಯೋಚನೆ ಅವನನ್ನು ಬಿಡಲಿಲ್ಲ.

ತಪ್ಪು ನುಸುಳುವ ಬಾಗಿಲುಗಳು ಮೂರು. ಲೆಕ್ಕ ಹಾಕುವವನು ತಪ್ಪಬಹುದು, ಪ್ರತಿ ಮಾಡುವವನು ತಪ್ಪಬಹುದು, ಮೊಳೆ ಜೋಡಿಸುವವನು ತಪ್ಪಬಹುದು. ಮೂರನೆಯ ಬಾಗಿಲಿನ ಸ್ವರೂಪವನ್ನು ತಿಳಿಯಲು ನಮ್ಮ ಮಿರಜಿನ ಒಂದು ಪ್ರಸಂಗ ನೆರವಾಗುತ್ತದೆ. ಬ್ಯಾಬೇಜ್ ಹದಿಮೂರರ ಹುಡುಗನಾಗಿದ್ದ 1805ರಲ್ಲಿ, ಮಿರಜಿನ ಪಟವರ್ಧನ ಸಂಸ್ಥಾನಿಕರ ಆಶ್ರಯದಲ್ಲಿ ಭಗವದ್ಗೀತೆಯನ್ನು ದೇವನಾಗರಿಯಲ್ಲಿ ಅಚ್ಚು ಮಾಡಲಾಯಿತು. ಪುಣೆಯಲ್ಲಿ ನಾನಾ ಫಡ್ನವೀಸನ ಕಾಲದಲ್ಲಿ ತಾಮ್ರದ ತಗಡಿನ ಮೇಲೆ ಅಕ್ಷರ ಕೊರೆಯುವ ವಿದ್ಯೆಯನ್ನು ಕಲಿತ ಕಂಚುಗಾರನ ಕೈಕೆಲಸ ಅದಕ್ಕೆ ಆಧಾರ. 1800ರಲ್ಲಿ ನಾನಾ ತೀರಿಕೊಂಡ ಬಳಿಕ ಆ ವಿದ್ಯೆ ಮಿರಜಿಗೆ ಬಂದು ಸಾರ್ಥಕವಾಯಿತು. ತಗಡಿನ ಮೇಲೆ ಒಂದು ಪುಟವನ್ನು ಕೊರೆದರೆ, ಅದರಿಂದ ಎಷ್ಟು ಪ್ರತಿ ತೆಗೆದರೂ ಅಕ್ಷರ ಕದಲುವುದಿಲ್ಲ. ಆದರೆ ಆ ತಗಡು ಆ ಒಂದು ಪುಟಕ್ಕೆ ಮಾತ್ರ ಮೀಸಲು. ಅದರಲ್ಲಿ ಉಪಕರಣವೂ ಗ್ರಂಥವೂ ಒಂದಾಗಿ ಬೆಸೆದುಹೋಗಿವೆ. ಇನ್ನೊಂದು ಗ್ರಂಥ ಬೇಕೆಂದರೆ ಎಲ್ಲವನ್ನೂ ಮೊದಲಿನಿಂದ ಕೊರೆಯಬೇಕು.

ಹನ್ನೆರಡು ವರ್ಷಗಳ ನಂತರ, 1817ರಲ್ಲಿ, ವಿಲಿಯಂ ಕೇರಿಯ ಕನ್ನಡ ವ್ಯಾಕರಣ ಸೆರಾಂಪುರದಲ್ಲಿ ಬಿಡಿ ಮೊಳೆಗಳಿಂದ ಅಚ್ಚಾಯಿತು. ಅಲ್ಲಿ ಅಕ್ಷರಗಳೆಲ್ಲ ಪೆಟ್ಟಿಗೆಯ ಮನೆಗಳಲ್ಲಿ ಬಿಡಿಬಿಡಿಯಾಗಿರುತ್ತವೆ. ಒಂದೇ ಮೊಳೆಗಳಿಂದ ಇಂದು ವ್ಯಾಕರಣ, ನಾಳೆ ಕಾವ್ಯ, ನಾಡಿದ್ದು ನಿಘಂಟು. ಉಪಕರಣ ಗ್ರಂಥದಿಂದ ಬಿಡುಗಡೆಗೊಂಡದ್ದು ದೊಡ್ಡ ಲಾಭ. ಆದರೆ ಜೋಡಿಸುವ ಕೈ ಪ್ರತಿಸಲವೂ ತಪ್ಪಬಹುದೆಂಬುದು ಅದರ ಬೆನ್ನಿಗಿದ್ದ ಕಷ್ಟ. ಬ್ಯಾಬೇಜನಿಗೆ ಬೇಕಾಗಿದ್ದುದು ಎರಡರ ಗುಣವೂ ಕೂಡಿದ ಸಾಧನ. ಲೆಕ್ಕವನ್ನು ಯಂತ್ರವೇ ಮಾಡಬೇಕು. ಫಲವನ್ನು ಮನುಷ್ಯನ ಕೈ ಸೋಕದಂತೆ ಯಂತ್ರವೇ ಅಚ್ಚಿಗೆ ಒತ್ತಬೇಕು.

ಹೀಗೆ ಹುಟ್ಟಿದ್ದು ಡಿಫರೆನ್ಸ್ ಎಂಜಿನ್, ಎಂದರೆ ವ್ಯತ್ಯಾಸ ಯಂತ್ರ. ಅದರ ತತ್ತ್ವ ಸರಳ. 1, 4, 9, 16, 25 ಎಂಬ ವರ್ಗಸಂಖ್ಯೆಗಳ ನಡುವಣ ವ್ಯತ್ಯಾಸಗಳು 3, 5, 7, 9. ಈ ವ್ಯತ್ಯಾಸಗಳ ನಡುವಣ ವ್ಯತ್ಯಾಸ ಯಾವಾಗಲೂ 2. ಆದ್ದರಿಂದ 9ಕ್ಕೆ 2 ಕೂಡಿಸಿ, ಬಂದ 11ನ್ನು 25ಕ್ಕೆ ಕೂಡಿಸಿದರೆ 36 ದೊರೆಯುತ್ತದೆ. ಗುಣಾಕಾರದ ಗೊಡವೆಯಿಲ್ಲದೆ ಬರಿಯ ಸಂಕಲನದಿಂದಲೇ ಕೋಷ್ಟಕ ಬೆಳೆಯುತ್ತದೆ. ಸಂಕಲನವನ್ನು ಹಲ್ಲುಗಾಲಿಗಳು ಮಾಡಬಲ್ಲವು. 1822ರಲ್ಲಿ ಬ್ಯಾಬೇಜ್ ಒಂದು ಚಿಕ್ಕ ಮಾದರಿಯನ್ನು ತಯಾರಿಸಿದ. ಮರುವರ್ಷ ಬ್ರಿಟಿಷ್ ಸರ್ಕಾರ ಹಣ ಕೊಡಲೊಪ್ಪಿತು. ನಿಷ್ಣಾತ ಯಂತ್ರಶಿಲ್ಪಿ ಜೋಸೆಫ್ ಕ್ಲೆಮೆಂಟ್ ಕೆಲಸಕ್ಕೆ ಕೈಹಾಕಿದ. ಸುಮಾರು 25,000 ಬಿಡಿಭಾಗಗಳ ಆ ಯಂತ್ರಕ್ಕಾಗಿ ಮೊದಲು ಅವುಗಳನ್ನು ತಯಾರಿಸುವ ಹತಾರಗಳನ್ನೇ ಹೊಸದಾಗಿ ಸೃಷ್ಟಿಸಬೇಕಾಯಿತು.

1827 ಬ್ಯಾಬೇಜನ ಪಾಲಿಗೆ ಕರಾಳ ವರ್ಷ. ಆ ಒಂದೇ ವರ್ಷದಲ್ಲಿ ತಂದೆ, ಹೆಂಡತಿ ಜಾರ್ಜಿಯಾನಾ ಮತ್ತು ಹುಟ್ಟಿದ ಮಕ್ಕಳಲ್ಲಿ ಇಬ್ಬರು ತೀರಿಕೊಂಡರು. ತಂದೆಯಿಂದ ಬಂದ ಸುಮಾರು ಒಂದು ಲಕ್ಷ ಪೌಂಡಿನ ಆಸ್ತಿ ಅವನನ್ನು ಹಣದ ಚಿಂತೆಯಿಂದ ಬಿಡಿಸಿತಾದರೂ, ಮನಸ್ಸಿನ ಗಾಯವನ್ನು ಮಾಯಿಸಲಿಲ್ಲ. ಕೆಲಕಾಲ ಯುರೋಪಿನಲ್ಲಿ ಅಲೆದಾಡಿ ಹಿಂತಿರುಗಿದ. 1828ರಲ್ಲಿ ಕೇಂಬ್ರಿಜಿನ ಲೂಕೇಸಿಯನ್ ಪ್ರಾಧ್ಯಾಪಕ ಪೀಠ, ಒಮ್ಮೆ ನ್ಯೂಟನ್ ಕುಳಿತಿದ್ದ ಪೀಠ, ಅವನಿಗೆ ದೊರೆಯಿತು. 1832ರಲ್ಲಿ ಯಂತ್ರೋದ್ಯಮದ ಅರ್ಥಶಾಸ್ತ್ರವನ್ನು ಕುರಿತ ಅವನ ಗ್ರಂಥ ಹೊರಬಂದು ಬಹಳ ಓದುಗರನ್ನು ಪಡೆಯಿತು. ಅದೇ ವರ್ಷ ವ್ಯತ್ಯಾಸ ಯಂತ್ರದ ಒಂದು ಸಣ್ಣ ಭಾಗ ಜೋಡಣೆಗೊಂಡು, ನೋಡಬಂದವರನ್ನು ಬೆರಗುಗೊಳಿಸಿತು.

ಕೆಲಸ ಕೆಟ್ಟದ್ದು ಇಲ್ಲಿಂದ ಮುಂದೆ. ಬ್ಯಾಬೇಜನ ಮನೆಯ ಪಕ್ಕದಲ್ಲಿ ಬೆಂಕಿ ತಗುಲದಂಥ ಒಂದು ಕಟ್ಟಡವನ್ನು ಕಟ್ಟಿ, ಯಂತ್ರದ ಕೆಲಸವನ್ನು ಅಲ್ಲಿಗೆ ಸಾಗಿಸಬೇಕೆಂದು ನಿಶ್ಚಯವಾಯಿತು. ಸ್ಥಳ ಬದಲಾಯಿಸಲು ಕ್ಲೆಮೆಂಟ್ ಕೇಳಿದ ಪರಿಹಾರದ ವಿಷಯದಲ್ಲಿ ಜಗಳ ಹುಟ್ಟಿತು. 1833ರಲ್ಲಿ ಅವನು ಆಳುಗಳನ್ನು ಬಿಡಿಸಿ ಕೆಲಸ ನಿಲ್ಲಿಸಿದ. ಆ ಕಾಲದ ವೃತ್ತಿಪದ್ಧತಿಯಂತೆ, ಈ ಕೆಲಸಕ್ಕೆಂದೇ ಮಾಡಿದ ಹತಾರಗಳೆಲ್ಲ ಕಮ್ಮಟದವನ ಸೊತ್ತು. ಅವು ಕ್ಲೆಮೆಂಟನ ಬಳಿಯಲ್ಲೇ ಉಳಿದವು. ಆದರೆ ನಕ್ಷೆಗಳೂ ಸಿದ್ಧವಾಗಿದ್ದ ಭಾಗಗಳೂ ಮರುವರ್ಷ ಆ ಬೆಂಕಿಭದ್ರ ಕಟ್ಟಡವನ್ನು ಸೇರಿದವು. ಹತಾರ ಒಂದು ಕಡೆ ಹೋಯಿತು, ನಕ್ಷೆ ಇನ್ನೊಂದು ಕಡೆ ಉಳಿಯಿತು. ಆ ಹೊತ್ತಿಗೆ ಇದು ಬ್ಯಾಬೇಜನಿಗೆ ಬರಿಯ ಸೋಲಾಗಿ ಕಂಡಿತು. ನಕ್ಷೆಗಳನ್ನು ಪ್ರತ್ಯೇಕವಾಗಿ ಕಾಪಾಡಿಕೊಳ್ಳುವ ಈ ಅಭ್ಯಾಸದ ಬೆಲೆ ತಿಳಿಯಲು ಒಂದೂವರೆ ಶತಮಾನ ಬೇಕಾಯಿತು. ಸರ್ಕಾರ ಅಷ್ಟರಲ್ಲಿ ಸುಮಾರು 17,000 ಪೌಂಡ್ ವ್ಯಯಿಸಿತ್ತು. 1842ರಲ್ಲಿ ಅದು ಯೋಜನೆಯನ್ನು ಅಧಿಕೃತವಾಗಿ ಕೈಬಿಟ್ಟಿತು. ಬಳಕೆಯಾಗದ ಬಿಡಿಭಾಗಗಳಲ್ಲಿ ಬಹುಪಾಲು ಮುಂದೆ ಕುಲುಮೆಗೆ ಹೋದವು.

ಕೆಲಸ ನಿಂತ ಈ ಬಿಡುವಿನಲ್ಲಿ, 1834ರ ಸುಮಾರಿಗೆ, ಬ್ಯಾಬೇಜನ ಮನಸ್ಸು ಹೊಸದೊಂದು ಯಂತ್ರದತ್ತ ಹರಿಯಿತು. ವ್ಯತ್ಯಾಸ ಯಂತ್ರ ಒಂದೇ ಬಗೆಯ ಕೆಲಸವನ್ನು ಮಾಡಬಲ್ಲುದು. ಅದರ ಕೆಲಸ ಅದರ ಗಾಲಿಗಳಲ್ಲೇ ಬೆಸೆದುಕೊಂಡಿತ್ತು, ಮಿರಜಿನ ತಾಮ್ರದ ತಗಡಿನಲ್ಲಿ ಪುಟ ಬೆಸೆದುಕೊಂಡಿದ್ದಂತೆ. ಹೊಸ ಯಂತ್ರ ಯಾವ ಲೆಕ್ಕವನ್ನಾದರೂ ಮಾಡಬೇಕು. ಅದಕ್ಕೆ ಅನಲಿಟಿಕಲ್ ಎಂಜಿನ್, ಎಂದರೆ ವಿಶ್ಲೇಷಣ ಯಂತ್ರ ಎಂದು ಹೆಸರು. ಅದರಲ್ಲಿ ಎರಡು ಪ್ರಧಾನ ಅಂಗಗಳು. ಒಂದಕ್ಕೆ ಅವನು ಗಿರಣಿ ಎಂದು ಹೆಸರಿಟ್ಟ, ಇನ್ನೊಂದಕ್ಕೆ ಉಗ್ರಾಣ. ಸಂಖ್ಯೆಗಳೆಲ್ಲ ಉಗ್ರಾಣದಲ್ಲಿರುತ್ತವೆ. ಬೇಕಾದಾಗ ಅವು ಗಿರಣಿಗೆ ಬರುತ್ತವೆ, ಅಲ್ಲಿ ಕೂಡುವ, ಕಳೆಯುವ, ಗುಣಿಸುವ, ಭಾಗಿಸುವ ಸಂಸ್ಕಾರಕ್ಕೆ ಒಳಗಾಗಿ ಮತ್ತೆ ಉಗ್ರಾಣಕ್ಕೆ ಮರಳುತ್ತವೆ. ಗಿರಣಿಯಲ್ಲಿ ಏನೂ ನಿಲ್ಲುವುದಿಲ್ಲ. ಉಗ್ರಾಣದಲ್ಲಿ ಯಾವ ಕ್ರಿಯೆಯೂ ನಡೆಯುವುದಿಲ್ಲ.

ಸಾಂಗಲಿಯ ಪರಿಸರದವರಿಗೆ ಈ ವ್ಯವಸ್ಥೆ ಅಪರಿಚಿತವೆನಿಸದು. ಕೃಷ್ಣಾ ಮತ್ತು ವಾರಣಾ ನದಿಗಳು ಕೂಡುವ ಹರಿಪುರದಲ್ಲಿ ಅರಿಶಿನವನ್ನು ನೆಲದಡಿಯ ಹಗೇವುಗಳಲ್ಲಿ ತುಂಬಿಡುವ ಪದ್ಧತಿ ಬಹುಕಾಲದಿಂದ ಪ್ರಸಿದ್ಧ. ಮರಾಠಿಯಲ್ಲಿ ಇವನ್ನು ಪೇವ ಎನ್ನುತ್ತಾರೆ. ಅರಿಶಿನವನ್ನು ಬೇಯಿಸುವುದು, ಒಣಗಿಸುವುದು, ಉಜ್ಜಿ ಹೊಳಪು ಕೊಡುವುದು, ಬೀಸುವುದು ಎಲ್ಲ ಹೊರಗೆ ನಡೆಯುವ ಕೆಲಸ. ಹಗೇವಿಗೆ ಇರುವ ಧರ್ಮ ಕಾಪಿಡುವುದೊಂದೇ. ಬೀಸುವ ಗಿರಣಿ ಕೆಟ್ಟುನಿಂತರೆ ಹಗೇವಿನ ಅರಿಶಿನಕ್ಕೆ ಊನವಿಲ್ಲ. ಹಳೆಯ ಗಿರಣಿಯನ್ನು ಕಿತ್ತು ಹೊಸದನ್ನು ಹೂಡಿದರೂ ಹಗೇವನ್ನು ತೋಡಿ ತೆಗೆಯಬೇಕಾಗಿಲ್ಲ. ಬ್ಯಾಬೇಜ್ ಸಂಖ್ಯೆಗಳಿಗಾಗಿ ಕಲ್ಪಿಸಿದ್ದು ಇಂಥದೇ ಒಂದು ಏರ್ಪಾಟು.

ಗಿರಣಿಗೆ ಆಜ್ಞೆ ಕೊಡುವುದು ಹೇಗೆ ಎಂಬುದು ಮುಂದಿನ ಪ್ರಶ್ನೆ. ಇದಕ್ಕೆ ಅವನಿಗೆ ದಾರಿ ತೋರಿದ್ದು ಮಗ್ಗ. ಫ್ರಾನ್ಸಿನ ಜೋಸೆಫ್ ಮಾರಿ ಜಕಾರ್ಡ್ ಹತ್ತೊಂಬತ್ತನೆಯ ಶತಮಾನದ ಆರಂಭದಲ್ಲಿ, ತೂತು ಹೊಡೆದ ಕಾರ್ಡುಗಳ ಸರಮಾಲೆಯಿಂದ ನೇಯ್ಗೆಯ ಚಿತ್ತಾರವನ್ನು ನಡೆಸುವ ವಿಧಾನವನ್ನು ಬಳಕೆಗೆ ತಂದಿದ್ದ. ಇಚಲಕರಂಜಿ, ರಬಕವಿ, ಬನಹಟ್ಟಿಗಳ ನೇಕಾರರಿಗೆ ಜಕಾರ್ಡ್ ಎಂಬ ಹೆಸರು ಹೊಸದಲ್ಲ. ಮಗ್ಗ ಅದೇ, ನೂಲು ಅದೇ. ಕಾರ್ಡು ಬದಲಾದರೆ ಸೆರಗಿನ ಹೂವು ಬದಲಾಗುತ್ತದೆ. ಬ್ಯಾಬೇಜ್ ಇದನ್ನು ಇನ್ನೂ ಒಂದು ಹೆಜ್ಜೆ ಮುಂದೆ ಕೊಂಡೊಯ್ದ. ಯಾವ ಕ್ರಿಯೆ ನಡೆಯಬೇಕೆಂದು ಹೇಳುವ ಕಾರ್ಡುಗಳದೇ ಒಂದು ಸಾಲು. ಉಗ್ರಾಣದ ಯಾವ ಮನೆಯಿಂದ ಸಂಖ್ಯೆ ತರಬೇಕು, ಫಲವನ್ನು ಎಲ್ಲಿ ಇಡಬೇಕು ಎಂದು ಹೇಳುವ ಕಾರ್ಡುಗಳದು ಬೇರೊಂದು ಸಾಲು. ಸಂಖ್ಯೆಗಳನ್ನು ಹೊತ್ತ ಕಾರ್ಡುಗಳು ಮತ್ತೂ ಬೇರೆ. ಕ್ರಿಯೆಯ ಸಾಲನ್ನು ಮುಟ್ಟದೆ ಸಂಖ್ಯೆಗಳನ್ನು ಬದಲಾಯಿಸಬಹುದು. ಒಮ್ಮೆ ಸಿದ್ಧಪಡಿಸಿದ ಕ್ರಿಯಾಸರಣಿಯನ್ನು ಎಷ್ಟು ಬೇರೆ ಬೇರೆ ಸಮಸ್ಯೆಗಳಿಗಾದರೂ ಬಳಸಬಹುದು. ಇಂದಿನ ಮಾತಿನಲ್ಲಿ ಹೇಳುವುದಾದರೆ, ಪ್ರೋಗ್ರಾಮು ದತ್ತಾಂಶದಿಂದ ಬೇರ್ಪಟ್ಟದ್ದು ಇಲ್ಲಿ.

1840ರಲ್ಲಿ ಬ್ಯಾಬೇಜ್ ಇಟಲಿಯ ಟ್ಯೂರಿನ್ ನಗರದಲ್ಲಿ ತನ್ನ ಯಂತ್ರವನ್ನು ವಿವರಿಸಿದ. ಅದನ್ನು ಆಧರಿಸಿ ಲೂಯಿಜಿ ಮೆನಾಬ್ರಿಯಾ 1842ರಲ್ಲಿ ಫ್ರೆಂಚ್ ಭಾಷೆಯಲ್ಲಿ ಒಂದು ಲೇಖನ ಪ್ರಕಟಿಸಿದ. ಕವಿ ಬೈರನ್ನನ ಮಗಳು ಏಡಾ ಲವ್‌ಲೇಸ್ ಅದನ್ನು ಇಂಗ್ಲಿಷಿಗೆ ಅನುವಾದಿಸಿ, ಮೂಲಕ್ಕಿಂತ ಬಹಳ ದೀರ್ಘವಾದ ಟಿಪ್ಪಣಿಗಳನ್ನು ಸೇರಿಸಿ 1843ರಲ್ಲಿ ಹೊರತಂದಳು. ಯಂತ್ರದ ಕರ್ತೃವಿಗಿಂತಲೂ ಸ್ಪಷ್ಟವಾಗಿ ಅದರ ಅಂತರಾರ್ಥವನ್ನು ಕಂಡವಳು ಆಕೆ. ಕ್ರಿಯೆಗಳ ಶಾಸ್ತ್ರವೇ ಬೇರೆ, ಕ್ರಿಯೆಗೆ ಒಳಗಾಗುವ ವಸ್ತುಗಳೇ ಬೇರೆ ಎಂದು ಅವಳು ವಿಂಗಡಿಸಿದಳು. ಆ ವಸ್ತುಗಳು ಸಂಖ್ಯೆಗಳೇ ಆಗಿರಬೇಕೆಂಬ ಕಟ್ಟುಪಾಡಿಲ್ಲ. ಸ್ವರಗಳ ನಡುವಣ ಸಂಬಂಧವನ್ನು ಸಂಕೇತಗಳಲ್ಲಿ ಹಿಡಿದಿಡಬಹುದಾದರೆ ಯಂತ್ರ ಸಂಗೀತವನ್ನೂ ರಚಿಸೀತು ಎಂದು ಊಹಿಸಿದಳು. ಗಣಕದಲ್ಲಿ ಕನ್ನಡವನ್ನು ಬರೆಯಬಹುದು, ಹಾಡನ್ನು ಕೇಳಬಹುದು ಎಂಬುದರ ತಾತ್ತ್ವಿಕ ನೆಲೆ ಈ ಟಿಪ್ಪಣಿಗಳಲ್ಲಿದೆ. ಅನುವಾದವನ್ನು ಎರಡನೆಯ ದರ್ಜೆಯ ಕೆಲಸವೆಂದು ಭಾವಿಸುವವರು, ಈ ಯುಗದ ಒಂದು ಮೂಲಗ್ರಂಥ ಅನುವಾದಕಿಯ ಟಿಪ್ಪಣಿಗಳಲ್ಲಿ ಹುಟ್ಟಿತೆಂಬುದನ್ನು ನೆನೆಯುವುದು ಒಳ್ಳೆಯದು. 1852ರಲ್ಲಿ, ಮೂವತ್ತಾರರ ಹರೆಯದಲ್ಲಿ, ಏಡಾ ತೀರಿಕೊಂಡಳು.

ವಿಶ್ಲೇಷಣ ಯಂತ್ರಕ್ಕೆ ಹಣ ಕೊಡುವವರು ಯಾರೂ ಮುಂದೆ ಬರಲಿಲ್ಲ. ಅದರ ರಚನೆಯಿಂದ ಕಲಿತ ಪಾಠಗಳ ಬಲದಿಂದ ಬ್ಯಾಬೇಜ್ 1847ರಿಂದ 1849ರವರೆಗೆ ವ್ಯತ್ಯಾಸ ಯಂತ್ರದ ಎರಡನೆಯ ವಿನ್ಯಾಸವನ್ನು ಬರೆದ. ಇದು ಮೊದಲನೆಯದಕ್ಕಿಂತ ಸರಳ, ಭಾಗಗಳೂ ಬಹಳ ಕಡಿಮೆ. 1852ರಲ್ಲಿ ಅದರ ನಕ್ಷೆಗಳನ್ನು ಸರ್ಕಾರಕ್ಕೆ ಅರ್ಪಿಸಲು ಮುಂದಾದಾಗ ಸರ್ಕಾರ ಒಪ್ಪಲಿಲ್ಲ. ಅವನ ಸ್ವಭಾವವೂ ಅವನಿಗೆ ನೆರವಾಗಲಿಲ್ಲವೆಂದು ಒಪ್ಪಬೇಕು. ವಿದ್ವತ್ ಸಂಸ್ಥೆಗಳನ್ನು ಕಟುವಾಗಿ ಟೀಕಿಸಿ ಹಗೆಗಳನ್ನು ಸಂಪಾದಿಸಿಕೊಂಡ. ಒಂದು ಯಂತ್ರ ಮುಗಿಯುವ ಮೊದಲೇ ಅದಕ್ಕಿಂತ ಉತ್ತಮವಾದುದನ್ನು ಕಲ್ಪಿಸುವ ಚಪಲ ಅವನದು. ಮುಪ್ಪಿನಲ್ಲಿ ಬೀದಿಯ ವಾದ್ಯಗಾರರ ಗದ್ದಲದ ವಿರುದ್ಧ ಹೋರಾಡಿ ಜನರ ಗೇಲಿಗೂ ಗುರಿಯಾದ. 1864ರಲ್ಲಿ ಆತ್ಮಕಥನವನ್ನು ಪ್ರಕಟಿಸಿದ. 1871ರ ಅಕ್ಟೋಬರ್ 18ರಂದು ಲಂಡನ್ನಿನ ತನ್ನ ಮನೆಯಲ್ಲಿ ಕಣ್ಮುಚ್ಚಿದ. ಆ ದಿನ ಲೋಕದ ಕಣ್ಣಿಗೆ ಅವನು ಸೋತವನೇ.

ಆದರೆ ಯಂತ್ರಗಳಿಲ್ಲದೆಯೂ ನಕ್ಷೆಗಳು ಬದುಕಿದ್ದವು. ಈಸ್ಟ್ ಇಂಡಿಯಾ ಕಂಪನಿಯ ಬಂಗಾಳ ಸೈನ್ಯದಲ್ಲಿ ಅಧಿಕಾರಿಯಾಗಿ ಭಾರತದಲ್ಲಿ ದುಡಿದ ಮಗ ಹೆನ್ರಿ ಬ್ಯಾಬೇಜ್ ಅವುಗಳ ಹೊಣೆ ಹೊತ್ತ. ಉಳಿದ ಬಿಡಿಭಾಗಗಳಿಂದ ಕೆಲವು ಚಿಕ್ಕ ತುಣುಕುಗಳನ್ನು ಜೋಡಿಸಿದ. ಅದರಲ್ಲೊಂದು ಅಮೆರಿಕದ ಹಾರ್ವರ್ಡ್ ವಿಶ್ವವಿದ್ಯಾಲಯವನ್ನು ಸೇರಿತು. 1910ರಲ್ಲಿ, ತನ್ನ ಇಳಿವಯಸ್ಸಿನಲ್ಲಿ, ವಿಶ್ಲೇಷಣ ಯಂತ್ರದ ಗಿರಣಿಯ ಒಂದು ಭಾಗವನ್ನೂ ಸಿದ್ಧಗೊಳಿಸಿದ. ಹಾರ್ವರ್ಡಿಗೆ ಬಂದ ತುಣುಕನ್ನು ಹೋವರ್ಡ್ ಏಕೆನ್ ಕಂಡ. ಅವನ ಯೋಜನೆಯಂತೆ 1944ರಲ್ಲಿ ಕೆಲಸಕ್ಕೆ ತೊಡಗಿದ ಮಾರ್ಕ್ ಒಂದು ಎಂಬ ಯಂತ್ರದಲ್ಲಿ ಆಜ್ಞೆಗಳು ರಂಧ್ರವಿರುವ ಕಾಗದದ ಸುರುಳಿಯಲ್ಲಿದ್ದವು, ಸಂಖ್ಯೆಗಳು ಬೇರೆಡೆ ಇದ್ದವು. ಮರುವರ್ಷ ಜಾನ್ ಫಾನ್ ನಾಯ್‌ಮನ್ನನ ವರದಿಯ ಮೂಲಕ, ಆಜ್ಞೆಗಳನ್ನೂ ದತ್ತಾಂಶವನ್ನೂ ಒಂದೇ ಸ್ಮೃತಿಯಲ್ಲಿ ಇರಿಸುವ ಪದ್ಧತಿ ಪ್ರಚಾರಕ್ಕೆ ಬಂತು. ಅದರಿಂದ ಯಂತ್ರಗಳ ವೇಗ ಹೆಚ್ಚಿತು, ಬಳಕೆ ಹಗುರವಾಯಿತು. ಇಂದಿನ ಬಹುಪಾಲು ಗಣಕಗಳು ಆ ಪದ್ಧತಿಯವೇ. ಆದ್ದರಿಂದಲೇ ಇಂದು ಗಿರಣಿಯನ್ನೂ ಹಗೇವನ್ನೂ ಬೇರ್ಪಡಿಸುವ ಹೊಣೆ ಯಂತ್ರದ ರಚನೆಯಿಂದ ನಮ್ಮ ಶಿಸ್ತಿಗೆ ವರ್ಗವಾಗಿದೆ.

ನಕ್ಷೆಗಳ ಕಥೆಯ ಕೊನೆಯ ಅಧ್ಯಾಯ ಲಂಡನ್ನಿನ ಸೈನ್ಸ್ ಮ್ಯೂಸಿಯಮಿನಲ್ಲಿ ನಡೆಯಿತು. ಆಸ್ಟ್ರೇಲಿಯದ ವಿದ್ವಾಂಸ ಅಲನ್ ಬ್ರೋಮ್ಲಿ ಅಲ್ಲಿಯ ನಕ್ಷೆಗಳನ್ನು ಅಭ್ಯಾಸ ಮಾಡಿ, ಎರಡನೆಯ ವ್ಯತ್ಯಾಸ ಯಂತ್ರವನ್ನು ಕಟ್ಟಬಹುದೆಂದು ಸೂಚಿಸಿದ. ಡೊರಾನ್ ಸ್ವೇಡ್ ಅವರ ನೇತೃತ್ವದಲ್ಲಿ ಕೆಲಸ ನಡೆದು, ಬ್ಯಾಬೇಜನ ಇನ್ನೂರನೆಯ ಹುಟ್ಟುಹಬ್ಬದ ವರ್ಷವಾದ 1991ರಲ್ಲಿ ಯಂತ್ರದ ಲೆಕ್ಕ ಮಾಡುವ ಭಾಗ ಪೂರ್ಣಗೊಂಡಿತು. ಸುಮಾರು 4,000 ಭಾಗಗಳ ಆ ಯಂತ್ರ 31 ಅಂಕೆಗಳವರೆಗಿನ ಲೆಕ್ಕವನ್ನು ತಪ್ಪಿಲ್ಲದೆ ಮಾಡಿತು. ಅಚ್ಚೊತ್ತುವ ಭಾಗ 2002ರಲ್ಲಿ ಸಿದ್ಧವಾಯಿತು. ಕ್ಲೆಮೆಂಟನ ಹತಾರಗಳು ಇರಲಿಲ್ಲ, ಕಮ್ಮಟ ಇರಲಿಲ್ಲ, ಕೆಲಸಗಾರರು ಇರಲಿಲ್ಲ. ಹತಾರಗಳಿಂದ ಬೇರೆಯಾಗಿ ಉಳಿದುಬಂದ ನಕ್ಷೆಗಳಷ್ಟೇ ಇದ್ದವು, ಅವೇ ಸಾಕಾದವು. ತನ್ನ ಯಂತ್ರಕ್ಕೆ ಬ್ಯಾಬೇಜ್ ವಿಧಿಸಿದ್ದ ನಿಯಮವೇ ಕೊನೆಗೆ ಅವನ ಕೀರ್ತಿಯನ್ನು ಕಾಪಾಡಿತು.

ಈ ನಿಯಮವನ್ನು ನಮ್ಮ ದಿನಬಳಕೆಗೆ ತರುವುದು ಕಠಿಣವಲ್ಲ. ಗಣಕದ ಡಿಸ್ಕನ್ನು ಎರಡು ವಿಭಾಗಗಳಾಗಿ ಒಡೆಯಬಹುದು. ವಿಂಡೋಸ್ ಬಳಸುವವರಲ್ಲಿ ಸಾಮಾನ್ಯವಾಗಿ ಸಿ ವಿಭಾಗದಲ್ಲಿ ಕಾರ್ಯಾಚರಣ ವ್ಯವಸ್ಥೆಯೂ ತಂತ್ರಾಂಶಗಳೂ ಇರುತ್ತವೆ. ಡಿ ವಿಭಾಗವನ್ನು ನಮ್ಮ ಬರಹ, ಚಿತ್ರ, ಧ್ವನಿಮುದ್ರಣಗಳಿಗೆ ಮೀಸಲಿಡಬಹುದು. ಲಿನಕ್ಸಿನಲ್ಲಿ ಹೋಮ್ ಎಂಬ ವಿಭಾಗಕ್ಕೆ ಇದೇ ಕೆಲಸ. ಡೆಸ್ಕ್‌ಟಾಪಿನ ಮೇಲೆ ಕಾಣುವ ಕಡತಗಳು ಹೊರಗಿರುವಂತೆ ತೋರಿದರೂ, ಬೇರೆ ಏರ್ಪಾಟು ಮಾಡಿರದಿದ್ದರೆ ಅವು ಸಿ ವಿಭಾಗದಲ್ಲಿಯೇ ಇರುತ್ತವೆಂಬುದನ್ನು ಮರೆಯಬಾರದು. ವೈರಸ್ ತಗುಲಿಯೋ ಬೇರೆ ಕಾರಣದಿಂದಲೋ ವ್ಯವಸ್ಥೆ ಕೆಟ್ಟಾಗ, ದುರಸ್ತಿಯವರು ಸಿ ವಿಭಾಗವನ್ನು ಅಳಿಸಿ ಹೊಸದಾಗಿ ತುಂಬುತ್ತಾರೆ. ತಂತ್ರಾಂಶ ಮತ್ತೆ ದೊರೆಯುತ್ತದೆ. ಅದರ ಪ್ರತಿಗಳು ಲೋಕದಲ್ಲಿ ಲಕ್ಷಾಂತರ. ಆದರೆ ಜತ್ತ ತಾಲೂಕಿನ ಹಳ್ಳಿಯೊಂದರಲ್ಲಿ ಅಜ್ಜಿಯೊಬ್ಬಳಿಂದ ಧ್ವನಿಮುದ್ರಿಸಿಕೊಂಡ ಬೀಸುಕಲ್ಲಿನ ಪದ ಮತ್ತೆ ಎಲ್ಲಿಂದ ಬಂದೀತು? ಗಡಿನಾಡಿನ ಕನ್ನಡವನ್ನು ಕ್ಷೇತ್ರಕಾರ್ಯದಲ್ಲಿ ಸಂಗ್ರಹಿಸುವ ವಿದ್ಯಾರ್ಥಿಯ ಗಣಕದಲ್ಲಿ ಬೆಲೆಯುಳ್ಳದ್ದು ಅದೊಂದೇ.

ಕನ್ನಡಕ್ಕೇ ವಿಶಿಷ್ಟವಾದ ಇನ್ನೊಂದು ಬೆಸುಗೆಯನ್ನೂ ಗಮನಿಸಬೇಕು. ಹಿಂದೆ ನುಡಿ, ಬರಹ ಮೊದಲಾದ ತಂತ್ರಾಂಶಗಳ ಹಳೆಯ ಅಕ್ಷರವಿನ್ಯಾಸಗಳಲ್ಲಿ ಬರೆದ ಕಡತಗಳನ್ನು, ಆ ಫಾಂಟು ಇಲ್ಲದ ಗಣಕದಲ್ಲಿ ತೆರೆದರೆ ಅರ್ಥವಿಲ್ಲದ ರೋಮನ್ ಅಕ್ಷರಗಳ ಸಂತೆ ಕಾಣಿಸುತ್ತದೆ. ಅಲ್ಲಿ ಬರಹ ತನ್ನ ಉಪಕರಣಕ್ಕೆ ಅಂಟಿಕೊಂಡಿದೆ, ತಾಮ್ರದ ತಗಡಿನ ಪುಟದಂತೆ. ಯೂನಿಕೋಡ್ ಪದ್ಧತಿಯಲ್ಲಿ ಪ್ರತಿಯೊಂದು ಅಕ್ಷರಕ್ಕೂ ತನ್ನದೇ ಸಂಖ್ಯೆಯಿದೆ, ಅದರ ರೂಪವನ್ನು ಯಾವ ಫಾಂಟಾದರೂ ತೋರಿಸಬಹುದು. 1991ರ ಮೊದಲ ಆವೃತ್ತಿಯಿಂದಲೇ ಕನ್ನಡ ಅದರಲ್ಲಿ ಸೇರಿದೆ. ಬ್ಯಾಬೇಜನ ಯಂತ್ರ ಲಂಡನ್ನಿನಲ್ಲಿ ತಿರುಗಿದ ವರ್ಷವೂ ಅದೇ. ಹಳೆಯ ಕಡತಗಳನ್ನು ಯೂನಿಕೋಡಿಗೆ ಪರಿವರ್ತಿಸುವ ಸಾಧನಗಳು ದೊರೆಯುತ್ತವೆ. ಆ ಕೆಲಸವನ್ನು ಮುಂದೂಡಬಾರದು.

ಆದರೂ ಬೇರ್ಪಡಿಸಿದ ಮಾತ್ರಕ್ಕೆ ಭದ್ರವಾಯಿತೆಂದು ತಿಳಿಯುವುದು ತಪ್ಪು. ಸಿ ಮತ್ತು ಡಿ ಒಂದೇ ಡಿಸ್ಕಿನ ಎರಡು ಭಾಗಗಳು. ಡಿಸ್ಕೇ ಕೆಟ್ಟರೆ ಎರಡೂ ಹೋದವು. ಹರಿಪುರದ ಹಗೇವುಗಳು ಗಿರಣಿಗಳಿಂದ ದೂರವಿದ್ದರೂ, 2005ರ ಮಹಾಪೂರದಲ್ಲಿ ಕೃಷ್ಣೆಯ ನೀರು ಅವುಗಳಲ್ಲಿ ಅನೇಕಕ್ಕೆ ನುಗ್ಗಿತು. 2019ರಲ್ಲಿ ಮತ್ತೆ ಸಾಂಗಲಿ ಮುಳುಗಿತು. ಆದ್ದರಿಂದ ಇನ್ನೊಂದು ಪ್ರತಿ ಇನ್ನೊಂದು ಸ್ಥಳದಲ್ಲಿರಬೇಕು; ಹೊರಗಿನ ಡಿಸ್ಕಿನಲ್ಲಿ ಒಂದು, ಸಾಧ್ಯವಾದರೆ ಬೇರೆ ಊರಿನಲ್ಲಿ ಮತ್ತೊಂದು. ಬೇರ್ಪಡಿಸಿಟ್ಟ ಹಗೇವಿನಿಂದ ಪ್ರತಿ ತೆಗೆಯುವುದು ಸುಲಭ. ಎಲ್ಲವೂ ಕಲಸಿಹೋದ ಕಡೆ ಏನನ್ನು ಪ್ರತಿ ಮಾಡಬೇಕೆಂದೇ ತೋಚುವುದಿಲ್ಲ.

ಕನ್ನಡ ಸಾಹಿತ್ಯವನ್ನು ಓದುವವರಿಗೆ ಇದು ಹೊಸ ಪಾಠವೇನಲ್ಲ. ಸಾಂಗಲಿಯ ವಿಲಿಂಗ್ಡನ್ ಕಾಲೇಜಿನಲ್ಲಿ ಕನ್ನಡ ಪ್ರಾಧ್ಯಾಪಕರಾಗಿದ್ದ ರಂ. ಶ್ರೀ. ಮುಗಳಿಯವರ ಕನ್ನಡ ಸಾಹಿತ್ಯ ಚರಿತ್ರೆಗೆ 1956ರಲ್ಲಿ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿ ಸಂದಿತು. ಅಂಥ ಚರಿತ್ರೆಯನ್ನು ಬರೆಯಲು ಸಾಧ್ಯವಾದುದು, ಓಲೆಗರಿ ಜೀರ್ಣವಾಗುವ ಮೊದಲೇ ಗ್ರಂಥವನ್ನು ಹೊಸ ಗರಿಗೆ ಇಳಿಸಿದ ಅನಾಮಧೇಯ ಪ್ರತಿಕಾರರಿಂದ. ಹತ್ತನೆಯ ಶತಮಾನದ ಪೊನ್ನನ ಎರಡು ಕೃತಿಗಳ ಗತಿಯನ್ನು ನೋಡಿರಿ. ಶಾಂತಿಪುರಾಣದ ಸಾವಿರ ಪ್ರತಿಗಳನ್ನು ದಾನಚಿಂತಾಮಣಿ ಅತ್ತಿಮಬ್ಬೆ ಮಾಡಿಸಿ ಹಂಚಿದಳೆಂದು ಪ್ರಸಿದ್ಧಿ. ಆ ಕಾವ್ಯ ಇಂದು ನಮ್ಮ ಕೈಯಲ್ಲಿದೆ. ಅದೇ ಕವಿಯ ಭುವನೈಕರಾಮಾಭ್ಯುದಯ ಹೆಸರಿನಿಂದ ಮಾತ್ರ ಉಳಿದಿದೆ. ಕವಿ ಒಬ್ಬನೇ, ಪ್ರತಿಭೆ ಒಂದೇ, ಕಾಲ ಒಂದೇ. ಒಂದರ ಪ್ರತಿಗಳು ಅನೇಕ ಮನೆಗಳಲ್ಲಿದ್ದವು. ಇನ್ನೊಂದು ತಾನು ಕುಳಿತ ಗರಿಗಳ ಜೊತೆಯಲ್ಲೇ ಹೋಯಿತು. ಈ ಸಲದ ಪ್ರಬಂಧವನ್ನು ಬರೆದು ಮುಗಿಸಿದವರು, ಗಣಕವನ್ನು ಆರಿಸುವ ಮುನ್ನ, ಅದು ಎಲ್ಲಿದೆಯೆಂದು ಒಮ್ಮೆ ನೋಡಿಕೊಳ್ಳುವುದು ಲೇಸು.